ಶ್ರೀಶೈಲ ಪಾದಯಾತ್ರೆ: ನಡುದಾರಿಯಲ್ಲಿ ಬಿಸಿಲು ಏರಿದರೆ ಲೆಕ್ಕ ಬದಲಿಸುವುದು ಹೇಗೆ?

ಪ್ರಶ್ನೆ: ನಾನು ಬಾಗಲಕೋಟೆ ಹತ್ತಿರದ ಹಳ್ಳಿಯವನು, ವಯಸ್ಸು 32. ನಮ್ಮೂರಿಂದ ಪ್ರತಿವರ್ಷ ಯುಗಾದಿಗೆ ಮಲ್ಲಯ್ಯನ (ಶ್ರೀಶೈಲ ಮಲ್ಲಿಕಾರ್ಜುನನ) ಕಂಬಿ, ಅಂದರೆ ಹೆಗಲ ಮೇಲೆ ಹೊರುವ ಹರಕೆಯ ಕಾವಡಿ, ಹೊತ್ತು ಶ್ರೀಶೈಲಕ್ಕೆ ನಡೆದು ಹೋಗುತ್ತೇವೆ. ಸುಮಾರು 400 ಕಿಲೋಮೀಟರ್, 12 ದಿನ, ದಿನಕ್ಕೆ ಹೆಚ್ಚುಕಡಿಮೆ 35 ಕಿಲೋಮೀಟರ್. 24 ಜನ, ಹಿಂದೆ ಒಂದು ಟೆಂಪೊ. 2026ರಲ್ಲಿ ಐದನೆಯ ದಿನ ಮಧ್ಯಾಹ್ನ ಒಂದು ಗಂಟೆಗೆ ನಮ್ಮ ಗೆಳೆಯನೊಬ್ಬ ತೊದಲುತ್ತ ಮಾತಾಡಿ ಕುಸಿದುಬಿದ್ದ. ಮೈತುಂಬ ಬೆವರಿತ್ತು, ಹಾಗಾಗಿ ಬಿಸಿಲಿನ ಹೊಡೆತವಲ್ಲ, ಬಿಪಿ ಇಳಿದಿದೆ ಅಂದುಕೊಂಡೆವು. ಅಂಗಾಲಿಗೆ ಉಳ್ಳಾಗಡ್ಡಿ ತಿಕ್ಕಿದೆವು. ಆಸ್ಪತ್ರೆ ಮುಟ್ಟುವುದಕ್ಕೆ ಒಂದೂವರೆ ತಾಸು ಹಿಡಿಯಿತು. ಪುಣ್ಯಕ್ಕೆ ಉಳಿದ. 2027ರಲ್ಲೂ ಬರುತ್ತೇನೆ ಅನ್ನುತ್ತಿದ್ದಾನೆ. ನಮ್ಮ ಅಪ್ಪನೂ ಬರುತ್ತಾರೆ, 58 ವರ್ಷ, ಸಕ್ಕರೆ ಕಾಯಿಲೆ ಮತ್ತು ಬಿಪಿ ಇದೆ, ಬರಿಗಾಲಲ್ಲಿ ನಡೆಯುವ ಹರಕೆ. ಬಿಸಿಲು ಹೆಚ್ಚಾದರೆ ನಿಲ್ಲೋಣ ಅಂದರೆ ಹಿರಿಯರು "ಮಲ್ಲಯ್ಯ ನಡಸ್ತಾನ, ನೀ ಯಾಕ ಹೆದರ್ತಿ" ಅಂತಾರೆ. ಈ ಸಲ ಹೊಣೆ ನನ್ನದು. ದಾರಿಯಲ್ಲಿ ಯಾವಾಗ, ಎಷ್ಟರಮಟ್ಟಿಗೆ ಯೋಜನೆ ಬದಲಿಸಬೇಕು?

ಉತ್ತರ: ನೀವು ಕೇಳಿದ್ದು ಬಿಸಿಲಿನ ಬಗ್ಗೆಯಾದರೂ ಪತ್ರದಲ್ಲಿರುವ ಅಳುಕು ಬೇರೆ. ಹಿರಿಯರ ಮಾತು ಮೀರಿದಂತಾಗಬಾರದು, ಕಂಬಿ ನಿಲ್ಲಬಾರದು, ಜನರೂ ಉಳಿಯಬೇಕು. ಈ ಮೂರೂ ಒಟ್ಟಿಗೆ ಸಾಧ್ಯ. ಆದರೆ 12 ದಿನಕ್ಕೆ 35ರಂತೆ ಹಾಕಿದ ಲೆಕ್ಕವನ್ನು ಹಾಗೇ ಇಟ್ಟುಕೊಂಡರೆ ಸಾಧ್ಯವಿಲ್ಲ.

ಮೊದಲು ನಿಮ್ಮ ಗೆಳೆಯನ ವಿಷಯ. ನೀವು ಬರೆದ ಲಕ್ಷಣಗಳನ್ನು ನೋಡಿದರೆ ಅದು ಉಷ್ಣಾಘಾತವೇ, ಅಂದರೆ ನೀವು ಹೇಳುವ ಬಿಸಿಲಿನ ಹೊಡೆತವೇ, ಎಂದು ಹಿಡಿಯಬೇಕಿತ್ತು. ಬೆವರು ನಿಂತು ಚರ್ಮ ಒಣಗಿದರೆ ಮಾತ್ರ ಉಷ್ಣಾಘಾತ ಎಂಬ ನಂಬಿಕೆ ಎಲ್ಲೆಡೆ ಇದೆ. ಅದು ಮನೆಯೊಳಗೆ ಕೂತ ಮುದುಕರಿಗೆ ಬಿಸಿಗಾಳಿಯ ದಿನಗಳಲ್ಲಿ ಬರುವ ಬಗೆ. ನಡೆಯುವಾಗ, ಹೊಲದಲ್ಲಿ ದುಡಿಯುವಾಗ ಬರುವ ಬಗೆಯಲ್ಲಿ ರೋಗಿ ತೊಪ್ಪೆಯಾಗಿ ಬೆವರುತ್ತಲೇ ಬೀಳಬಹುದು. ನೋಡಬೇಕಾದ್ದು ಬೆವರನ್ನಲ್ಲ, ಬುದ್ಧಿಯನ್ನು. ತೊದಲುವುದು, ಸಿಡುಕುವುದು, ದಾರಿ ಬಿಟ್ಟು ನಡೆಯುವುದು, ಕೇಳಿದ್ದಕ್ಕೆ ಸಂಬಂಧವಿಲ್ಲದ ಉತ್ತರ ಕೊಡುವುದು, ಇವು ಬಂದರೆ ದೇಹದೊಳಗಿನ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟಿದೆ ಎಂದುಕೊಂಡೇ ಕೆಲಸ ಶುರುಮಾಡಬೇಕು. ಬರೀ ತಲೆನೋವು, ವಾಕರಿಕೆ, ಕಾಲು ಸೆಳೆತ, ಸುಸ್ತು ಇದ್ದು ಬುದ್ಧಿ ನೆಟ್ಟಗಿದ್ದರೆ ಅದು ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ. ನೆರಳು, ನೀರು, ಉಪ್ಪು, ವಿಶ್ರಾಂತಿಗೆ ಅರ್ಧ ಗಂಟೆಯಲ್ಲಿ ಸುಧಾರಿಸಬೇಕು. ಸುಧಾರಿಸದಿದ್ದರೆ ಆಸ್ಪತ್ರೆ.

ಉಳ್ಳಾಗಡ್ಡಿಯನ್ನು ರೊಟ್ಟಿ ಜೊತೆ ತಿನ್ನಿ, ಒಳ್ಳೆಯದು. ಕಿಸೆಯಲ್ಲಿಟ್ಟರೂ ಅಂಗಾಲಿಗೆ ತಿಕ್ಕಿದರೂ ಮೈಯ ಕಾವು ಇಳಿಯುವುದಿಲ್ಲ. ಅದಕ್ಕಿಂತ ಹೆಚ್ಚು ಕೇಡು ಮಾಡುವ ನಂಬಿಕೆ ಇನ್ನೊಂದಿದೆ, ಕಾದ ಮೈಗೆ ತಣ್ಣೀರು ಸುರಿಯಬಾರದು ಎಂಬುದು. ಉಷ್ಣಾಘಾತದಲ್ಲಿ ಜೀವ ಉಳಿಸುವುದೇ ಆ ತಣ್ಣೀರು.

ಇನ್ನು ಐದನೆಯ ದಿನವೇ ಯಾಕೆ? 2026ರಲ್ಲಿ ಯುಗಾದಿ ಮಾರ್ಚ್ 19ಕ್ಕಿತ್ತು, ನೀವು ನಡೆದದ್ದು ಮಾರ್ಚ್ ಮೊದಲ ಭಾಗದಲ್ಲಿ, ಕಡು ಬೇಸಿಗೆ ಇನ್ನೂ ಬಂದಿರಲಿಲ್ಲ. 4 ಕಿಲೋಮೀಟರ್ ವೇಗದಲ್ಲಿ ನಡೆಯುವ 60 ಕೆಜಿಯ ದೇಹ ಗಂಟೆಗೆ 200ರಿಂದ 250 ಕಿಲೋಕ್ಯಾಲರಿ ಶಾಖ ಹುಟ್ಟಿಸುತ್ತದೆ. ಮೇಲಿಂದ ಬಿಸಿಲು, ಕೆಳಗಿಂದ ಡಾಂಬರಿನ ಕಾವು ಸೇರುತ್ತವೆ. ಗಾಳಿ 35 ಡಿಗ್ರಿ ದಾಟಿದ ಮೇಲೆ ಅದು ಚರ್ಮಕ್ಕಿಂತ ಬಿಸಿ, ಹಾಗಾಗಿ ಗಾಳಿಯೂ ಮೈಗೆ ಕಾವು ಕೊಡುತ್ತದೆಯೇ ಹೊರತು ಒಯ್ಯುವುದಿಲ್ಲ. ಉಳಿದ ದಾರಿ ಬೆವರು ಆರುವುದೊಂದೇ. ಒಂದು ಲೀಟರ್ ಬೆವರು ಪೂರ್ತಿ ಆರಿದರೆ ಸುಮಾರು 580 ಕಿಲೋಕ್ಯಾಲರಿ ಹೊರಹೋಗುತ್ತದೆ. ನಮ್ಮ ಬಯಲುಸೀಮೆಯ ಒಣಗಾಳಿಯಲ್ಲಿ ಬೆವರು ಕಾಣಿಸುವ ಮೊದಲೇ ಆರಿಹೋಗುವುದರಿಂದ ಎಷ್ಟು ಹೋಯಿತೆಂದು ಯಾರಿಗೂ ಗೊತ್ತಾಗುವುದಿಲ್ಲ. ಅಂಗಿಯ ಮೇಲಿನ ಬಿಳಿ ಉಪ್ಪಿನ ಗೆರೆ ನೋಡಿ ಅಂದಾಜು ಮಾಡಬೇಕು, ಅಷ್ಟೇ.

ದೇಹ ಬಿಸಿಲಿಗೆ ಒಗ್ಗಿಕೊಳ್ಳಲು 7ರಿಂದ 14 ದಿನ ಬೇಕು. ನಿಮ್ಮ ಯಾತ್ರೆ 12 ದಿನ. ಅಂದರೆ ಒಗ್ಗದ ದೇಹದಲ್ಲಿ ಮೊದಲ ದಿನದಿಂದಲೇ 35 ಕಿಲೋಮೀಟರ್. ಹಿಂದಿನ ದಿನದ ನೀರು, ಉಪ್ಪು, ನಿದ್ದೆಯ ಬಾಕಿ ತೀರದೆ ಮರುದಿನಕ್ಕೆ ಸೇರುತ್ತ ಹೋಗುತ್ತದೆ. ಎರಡನೆಯ ದಿನದಿಂದ ಆರನೆಯ ದಿನದವರೆಗೆ ಗುಂಪು ಕುಸಿಯುವುದು ಇದಕ್ಕೇ. 2027ರಲ್ಲಿ ಯುಗಾದಿ ಏಪ್ರಿಲ್ 7ಕ್ಕೆ. ಹೋದ ಸಲಕ್ಕಿಂತ 19 ದಿನ ತಡ, ಸೀದಾ ಬೇಸಿಗೆಯ ನಡುವೆ. ಯುಗಾದಿಯ ತಾರೀಖು ಸರಿದಂತೆ ಯಾತ್ರೆಯ ಲೆಕ್ಕವೂ ಸರಿಯಬೇಕು. ಪ್ರತಿವರ್ಷ 12 ದಿನವೇ ಎಂಬ ಪದ್ಧತಿಯಲ್ಲೇ ಮೊದಲ ತಪ್ಪಿದೆ.

ಈಗ ಕೂಡಿ ಕಳೆದು ನೋಡೋಣ. ಮಾರ್ಚ್ ಕೊನೆಯಲ್ಲಿ ಸೂರ್ಯೋದಯ ಸುಮಾರು 6.20ಕ್ಕೆ. ಬೆಳಗಿನ ಜಾವ 3.30ಕ್ಕೆ ಹೊರಟು 8.30–9ಕ್ಕೆ ನಿಂತರೆ ವಿಶ್ರಾಂತಿ ಕಳೆದು 17–18 ಕಿಲೋಮೀಟರ್. ಸಂಜೆ 5.15ರಿಂದ 8ರವರೆಗೆ ಇನ್ನು 10. ಒಟ್ಟು 28. ಗಟ್ಟಿ ಬಿಸಿಲಿನಲ್ಲಿ ಕಾಲಿಡದೆ ಇದಕ್ಕಿಂತ ಹೆಚ್ಚು ಆಗುವುದಿಲ್ಲ. 35 ಮಾಡಲು ಹೋದರೆ ಆ ಮಿಕ್ಕ 7 ಕಿಲೋಮೀಟರ್ ಬೆಳಿಗ್ಗೆ 9ರಿಂದ 11ರೊಳಗೆ ಬರುತ್ತದೆ, ಇಲ್ಲವೇ ಮಧ್ಯಾಹ್ನ ನಾಲ್ಕಕ್ಕೆ. ನಾಲ್ಕು ಗಂಟೆಗೆ ಬಿಸಿಲು ಇಳಿದಂತೆ ಕಂಡರೂ ಗಾಳಿಯ ಉಷ್ಣತೆ ಹೆಚ್ಚುಕಡಿಮೆ ತುದಿಯಲ್ಲೇ ಇರುತ್ತದೆ, ರಸ್ತೆಯೂ ಆರಿರುವುದಿಲ್ಲ. "ಇಳಿಹೊತ್ತಾಯ್ತು, ಹೊರಡೋಣ" ಎಂಬ ಅವಸರದಲ್ಲಿ ಎಡವುವ ಗುಂಪುಗಳು ಬಹಳ.

ದಿನಕ್ಕೆ 28ರಂತೆ 12 ದಿನಕ್ಕೆ 336. ಸುಮಾರು 65 ಕಿಲೋಮೀಟರ್ ಕೊರತೆ ಬೀಳುತ್ತದೆ. ಇದನ್ನು ಎಲ್ಲಿಂದ ತುಂಬುತ್ತೀರಿ ಎಂಬುದನ್ನು ಮನೆಯಲ್ಲಿ ಕೂತೇ ಒಪ್ಪಿಕೊಂಡು ಹೊರಡಬೇಕು.

ಎಲ್ಲಕ್ಕಿಂತ ಸರಳವಾದದ್ದು ಮೂರ್ನಾಲ್ಕು ದಿನ ಮೊದಲೇ ಹೊರಡುವುದು. ಮೊದಲ ಮೂರು ದಿನ 15, 20, 25 ಎಂದು ಏರಿಸಬಹುದು, ನಡುವೆ ಒಂದು ದಿನ ಬಿಡುವೂ ಸಿಗುತ್ತದೆ. ಕೂಲಿ, ರಜೆಯ ತೊಂದರೆ ಬಿಟ್ಟರೆ ಇದರಲ್ಲಿ ಅಪಾಯವಿಲ್ಲ.

ಎರಡನೆಯದು ರಾತ್ರಿಯಿಡೀ ನಡೆಯುವುದು. ಹಲವರು ಇದನ್ನೇ ಪರಿಹಾರ ಅಂದುಕೊಳ್ಳುತ್ತಾರೆ, ನಾನು ಒಪ್ಪುವುದಿಲ್ಲ. ಹಗಲು 40 ಡಿಗ್ರಿಯಲ್ಲಿ ತಗಡಿನ ಶೆಡ್ಡಿನ ಕೆಳಗೆ ಯಾರಿಗೂ ನಿದ್ದೆ ಬರುವುದಿಲ್ಲ. ಮೂರನೆಯ ರಾತ್ರಿಗೆ ಜನ ತೂಕಡಿಸುತ್ತ ನಡೆಯುತ್ತಾರೆ, ಎದುರಿನ ಲಾರಿಯವನೂ ಬೆಳಗಿನ ಎರಡರಿಂದ ಐದರವರೆಗೆ ತೂಕಡಿಸುತ್ತಿರುತ್ತಾನೆ. ಬೆಳಗಿನ ಜಾವ ನಡೆಯುವಾಗಲೂ ಈ ಅಪಾಯ ಇದ್ದೇ ಇದೆ. ಆದ್ದರಿಂದ ರಸ್ತೆಯ ಬಲಬದಿಗೆ, ಎದುರು ಬರುವ ವಾಹನ ಕಾಣುವಂತೆ, ಒಬ್ಬರ ಹಿಂದೊಬ್ಬರು ನಡೆಯಬೇಕು. ಎಲ್ಲರಿಗೂ ಬೆಳಕು ಬಿದ್ದರೆ ಹೊಳೆಯುವ ಜಾಕೆಟ್, ಮುಂದಿನವರ ಕೈಯಲ್ಲಿ ಬಿಳಿ ಟಾರ್ಚ್, ಕೊನೆಯವರ ಬೆನ್ನಿಗೆ ಮಿನುಗುವ ಕೆಂಪು ದೀಪ. ಹೋಳಿ ಹುಣ್ಣಿಮೆ ಕಳೆದ ಮೇಲಿನ ಪಕ್ಷದಲ್ಲಿ ನಡೆಯುವುದರಿಂದ ಸಂಜೆ ಕತ್ತಲು, ಬೆಳಗಿನ ಜಾವ ಬೆಳದಿಂಗಳು. ಇದು ಜಾವದ ನಡಿಗೆಗೆ ಅನುಕೂಲ. ಅಮಾವಾಸ್ಯೆ ಹತ್ತಿರವಾದ ಕೊನೆಯ ಮೂರು ದಿನ ಆ ಬೆಳಕೂ ಇರುವುದಿಲ್ಲ.

ಮೂರನೆಯದು ಸ್ವಲ್ಪ ದೂರ ವಾಹನ ಹತ್ತುವುದು. ಲಿಂಗಸುಗೂರು ದಾಟಿ ರಾಯಚೂರಿನ ಕಡೆಗೆ ಎರೆಹೊಲದ ನಡುವೆ ನೆರಳೇ ಇಲ್ಲದ ಹಾದಿ ಸಿಗುತ್ತದಲ್ಲ, ಅಲ್ಲಿ 30–40 ಕಿಲೋಮೀಟರ್ ಬಿಟ್ಟರೂ ಗುಂಪು ಉಸಿರಾಡಿಕೊಳ್ಳುತ್ತದೆ. ಹರಕೆ ಮುರಿಯುತ್ತದೆಯೇ ಎಂಬುದಕ್ಕೆ ವೈದ್ಯರ ಬಳಿ ಉತ್ತರವಿಲ್ಲ, ಅದನ್ನು ನಿಮ್ಮ ಐನೋರನ್ನು (ಗುರುಗಳನ್ನು) ಕೇಳಿ.

ನಿಮ್ಮಂಥ ಗುಂಪಿಗೆ ನಾನು ಹೇಳುವುದು ನಾಲ್ಕನೆಯದನ್ನು: ಸರದಿ. 24 ಜನರಲ್ಲಿ ಎರಡು ತಂಡ ಮಾಡಿ. ಒಂದು ತಂಡ ಜಾವದ ನಡಿಗೆಗೆ, ಇನ್ನೊಂದು ಸಂಜೆಗೆ. ನಡೆಯದ ತಂಡ ಟೆಂಪೊದಲ್ಲಿ ಮುಂದಿನ ತಂಗುದಾಣಕ್ಕೆ ಹೋಗಿ ಅಡುಗೆ, ನೀರು, ನೆರಳಿನ ವ್ಯವಸ್ಥೆ ನೋಡುತ್ತದೆ. ಕಂಬಿ ಮಾತ್ರ ಒಂದು ಹೆಗಲಿನಿಂದ ಇನ್ನೊಂದು ಹೆಗಲಿಗೆ ಬದಲಾಗುತ್ತ ಊರಿನಿಂದ ಶ್ರೀಶೈಲದವರೆಗೆ ಕಾಲ್ನಡಿಗೆಯಲ್ಲೇ ಹೋಗುತ್ತದೆ, ವಾಹನ ಹತ್ತುವುದಿಲ್ಲ. ಪ್ರತಿಯೊಬ್ಬರ ಪಾಲಿಗೆ ದಿನಕ್ಕೆ 10ರಿಂದ 18 ಕಿಲೋಮೀಟರ್, ಮರುದಿನ ತಂಡ ಅದಲುಬದಲು. ಆಗಲೂ ಕಂಬಿ ದಿನಕ್ಕೆ ಸಾಗುವುದು ಅದೇ 28, ಹಾಗಾಗಿ ದೂರದ ಕೊರತೆ ತುಂಬಲು ಮೊದಲೇ ಹೊರಡುವುದೂ ಜೊತೆಗಿರಬೇಕು. ಹೊರಡುವಾಗಲೇ ಸರದಿ ಬೇಡವೆಂದರೆ ಬೇಡ, ಆದರೆ ಬಿಸಿಲು ಏರಿದ ದಿನ ಸರದಿಗೆ ಇಳಿಯುತ್ತೇವೆ ಎಂದು ಹಿರಿಯರ ಒಪ್ಪಿಗೆ ಮೊದಲೇ ಪಡೆಯಿರಿ. "ನಿಲ್ಲೋಣ" ಎಂಬ ಮಾತಿಗೆ ಸಿಡಿಯುವವರು "ಕಂಬಿ ನಡೀತದ, ನಾವು ಪಾಳಿ ಹಚ್ಚೋಣು" ಎಂಬುದಕ್ಕೆ ಸಾಮಾನ್ಯವಾಗಿ ತಕರಾರು ಮಾಡುವುದಿಲ್ಲ.

ಏರಿದ ದಿನ ಅಂದರೆ ಯಾವುದು? ಹವಾಮಾನ ಇಲಾಖೆ ಕೊಡುವ ಅಂಕಿ ನೆರಳಿನಲ್ಲಿಟ್ಟ ಮಾಪಕದ್ದು. ರಸ್ತೆಯ ಮೇಲಿನ ಅನುಭವ ಅದಕ್ಕಿಂತ ಬಹಳ ಹೆಚ್ಚು. ಗರಿಷ್ಠ 38 ಎಂದಿದ್ದರೆ ಬೆಳಗಿನ ನಡಿಗೆಯನ್ನು 8.30ಕ್ಕೇ ಮುಗಿಸಿ, ವಯಸ್ಸಾದವರು ಸಂಜೆ ನಡೆಯುವುದು ಬೇಡ. 40 ಅಥವಾ ಮೇಲಿದ್ದರೆ, ಇಲ್ಲವೇ ಆ ಜಿಲ್ಲೆಗೆ ಹವಾಮಾನ ಇಲಾಖೆಯ ಕಿತ್ತಳೆ ಎಚ್ಚರಿಕೆ (ಆರೆಂಜ್ ಅಲರ್ಟ್) ಇದ್ದರೆ, ಸರದಿ. ಹಗಲಿನ ಅಂಕಿಯಷ್ಟೇ ಮುಖ್ಯ ರಾತ್ರಿಯದು. ಕನಿಷ್ಠ ಉಷ್ಣತೆ 28ಕ್ಕಿಂತ ಕೆಳಗಿಳಿಯದಿದ್ದರೆ ದೇಹ ಆರಿಲ್ಲ, ಮರುದಿನದ ದೂರ ಅರ್ಧಕ್ಕೆ ಇಳಿಸಿ. ಮೋಡ ಕವಿದು ಸೆಕೆ ಹೆಚ್ಚಿದ ದಿನ ಅಂಕಿ 36 ಇದ್ದರೂ ನಂಬಬೇಡಿ, ಬೆವರು ಆರುವುದಿಲ್ಲ. ಇವು ನಾನು ಹಾಕುವ ಗಡಿಗಳು. ಗುಂಪಿನಲ್ಲಿ ಇಬ್ಬರಿಗೆ ವಾಕರಿಕೆ ಶುರುವಾದರೆ ಅಂಕಿ ಎಷ್ಟೇ ಇರಲಿ, ನಿಲ್ಲಬೇಕು.

ನಿಲ್ಲಿಸುವ ಅಧಿಕಾರವನ್ನು ಮುಂದೆ ನಡೆಯುವ ಹಿರಿಯರಿಗಲ್ಲ, ಎಲ್ಲರಿಗಿಂತ ಹಿಂದೆ ನಡೆಯುವವನಿಗೆ ಕೊಡಿ. ಕುಸಿಯುವವರು ಹಿಂದೆ ಬೀಳುತ್ತಾರೆ, ಮುಂದಿನವರಿಗೆ ಕಾಣುವುದೇ ಇಲ್ಲ. ಇಬ್ಬಿಬ್ಬರ ಜೋಡಿ ಮಾಡಿ. ತಾಸಿಗೊಮ್ಮೆ ಜೋಡಿಯವನನ್ನು ಇವತ್ತು ಯಾವ ವಾರ, ಮುಂದಿನ ಊರು ಯಾವುದು ಎಂದು ಕೇಳಲಿ, ಹತ್ತು ಹೆಜ್ಜೆ ನೇರವಾಗಿ ನಡೆಸಲಿ. ಉಷ್ಣಾಘಾತ ಆಗುತ್ತಿರುವವನಿಗೆ ತನಗೇನೋ ಆಗುತ್ತಿದೆ ಎಂಬುದೇ ತಿಳಿಯುವುದಿಲ್ಲ.

ನೀರಿನ ಬಗ್ಗೆ ಎರಡು ಕಡೆಯಿಂದಲೂ ತಪ್ಪಾಗುತ್ತದೆ. ನಡೆಯುವ ಪ್ರತಿ ತಾಸಿಗೆ 700 ಎಂಎಲ್‌ನಿಂದ 1 ಲೀಟರ್ ಸಾಕು, 15–20 ನಿಮಿಷಕ್ಕೊಮ್ಮೆ ಒಂದು ಲೋಟದಂತೆ. ಹೊಟ್ಟೆ ಹೀರಿಕೊಳ್ಳುವುದೂ ಹೆಚ್ಚುಕಡಿಮೆ ಅಷ್ಟೇ. ದಾರಿಯ ಪ್ರತಿ ಅರವಟ್ಟಿಗೆಯಲ್ಲೂ ಬರೀ ನೀರನ್ನೇ ಹೊಟ್ಟೆ ಬಿರಿಯ ಕುಡಿದವರಿಗೆ ರಕ್ತದ ಸೋಡಿಯಂ ಇಳಿದು ತಲೆನೋವು, ವಾಂತಿ, ಗೊಂದಲ ಬರುತ್ತದೆ. ನೋಡುವುದಕ್ಕೆ ಬಿಸಿಲಿನ ಹೊಡೆತದಂತೆಯೇ ಇರುತ್ತದೆ, ಜನ ಇನ್ನಷ್ಟು ನೀರು ಕುಡಿಸುತ್ತಾರೆ. ಇದನ್ನು ಬಿಡಿಸಿ ನೋಡಲು ಟೆಂಪೊದಲ್ಲಿ ತೂಕದ ಯಂತ್ರ ಇಟ್ಟುಕೊಳ್ಳಿ. ಹೊರಡುವ ಮೊದಲು, ನಿಂತ ಮೇಲೆ ತೂಗಿ ಬರೆದಿಡಿ. 60 ಕೆಜಿಯವರು 1.2 ಕೆಜಿಗಿಂತ ಹೆಚ್ಚು ಇಳಿದಿದ್ದರೆ ಕುಡಿದದ್ದು ಸಾಲದು. ತೂಕ ಏರಿದ್ದರೆ ಕುಡಿದದ್ದು ಅತಿಯಾಗಿದೆ, ಬೆರಳಿನ ಉಂಗುರವೂ ಬಿಗಿಯಾಗಿರುತ್ತದೆ.

ಉಪ್ಪು ಹಾಕಿದ ಮಜ್ಜಿಗೆ, ಜೋಳದ ಅಂಬಲಿ, ಕಟಕ ರೊಟ್ಟಿ, ಶೇಂಗಾ ಹಿಂಡಿ, ದಾಸೋಹದಲ್ಲಿ ಸಿಗುವ ಸಾರು, ಉಪ್ಪಿನಕಾಯಿ ಇವೆಲ್ಲ ಕಳೆದ ಉಪ್ಪನ್ನು ತುಂಬುತ್ತವೆ. ತಲೆಗೆ ದಿನಕ್ಕೆ ಒಂದು ಓಆರ್‌ಎಸ್ ಪೊಟ್ಟಣ ಇರಲಿ. 20.5 ಗ್ರಾಮಿನ ಪೊಟ್ಟಣ ಸರಿಯಾಗಿ 1 ಲೀಟರ್ ನೀರಿಗೆ. ಅರ್ಧ ಪುಡಿ, ಅಂದಾಜು ನೀರು ಮಾಡಿದರೆ ಕೆಲಸ ಕೆಡುತ್ತದೆ. ಪೊಟ್ಟಣ ಮುಗಿದರೆ ಲೀಟರಿಗೆ ಆರು ಸಮಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಅಂಗಡಿಯ ಗ್ಲೂಕೋಸ್ ಪುಡಿ ಇದಕ್ಕೆ ಬದಲಿಯಲ್ಲ, ಅದರಲ್ಲಿ ಬೇಕಾದಷ್ಟು ಉಪ್ಪಿಲ್ಲ. 24 ಜನಕ್ಕೆ ಕುಡಿಯಲು ದಿನಕ್ಕೆ 200 ಲೀಟರ್ ಹಿಡಿಯಿರಿ. ತಲೆಗೆ, ಕುತ್ತಿಗೆಗೆ ಒದ್ದೆ ಟಾವೆಲ್ ಸುತ್ತಿಕೊಳ್ಳುವುದು ಮೂಢನಂಬಿಕೆಯಲ್ಲ, ಒಣಗಾಳಿಯಲ್ಲಿ ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ. ಅದಕ್ಕೆ ಕಾಲುವೆಯ ನೀರಾದರೂ ನಡೆಯುತ್ತದೆ. ಆದರೆ ಕಾಲುವೆಗೆ ಇಳಿಯಲು ಯಾರನ್ನೂ ಬಿಡಬೇಡಿ. ಕೊಡದಲ್ಲಿ ಮೊಗೆದು ದಂಡೆಯ ಮೇಲೆ ಸುರಿದುಕೊಳ್ಳಲಿ. ಕಾಲುವೆಯ ಸೆಳವು ಮೇಲಿಂದ ಕಾಣುವುದಿಲ್ಲ, ಸುಸ್ತಾದ ಕಾಲು ಸಿಮೆಂಟಿನ ಇಳಿಜಾರನ್ನು ಹತ್ತುವುದೂ ಇಲ್ಲ.

ದಾರಿಬದಿ ಸೇವೆಯವರು ಪ್ರೀತಿಯಿಂದ ಕೊಡುವ ಮೈಕೈ ನೋವಿನ ಗುಳಿಗೆಯಲ್ಲಿ ಸಾಮಾನ್ಯವಾಗಿ ಡೈಕ್ಲೊಫೆನಾಕ್, ಅಸಿಕ್ಲೊಫೆನಾಕ್ ಇಲ್ಲವೇ ಐಬುಪ್ರೊಫೆನ್ ಇರುತ್ತದೆ. ನೀರು ಬತ್ತಿದ ದೇಹದಲ್ಲಿ ಇವು ಕಿಡ್ನಿಗೆ ಹೋಗುವ ರಕ್ತವನ್ನು ಇನ್ನಷ್ಟು ಕಡಿಮೆ ಮಾಡುತ್ತವೆ. ಜಜ್ಜಿಹೋದ ಸ್ನಾಯುವಿನ ಕಶ್ಮಲವೂ ಸೇರಿದರೆ ಕಿಡ್ನಿ ನಿಂತೇಬಿಡಬಹುದು. ಮೂತ್ರ ಚಹಾದ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಅಂದೇ ಆಸ್ಪತ್ರೆ. ನೋವಿಗೆ ಪ್ಯಾರಾಸಿಟಮಾಲ್ ಸಾಕು. ಹಾಗೆಂದು ಬಿಸಿಲಿನ ಕಾವಿಗೆ ಅದನ್ನು ನುಂಗಿಸಬೇಡಿ, ಇಳಿಯುವುದಿಲ್ಲ.

ಅಪ್ಪನವರ ವಿಷಯಕ್ಕೆ ಬರೋಣ. ಅವರ ಮಾತ್ರೆಗಳ ಚೀಟಿ ನೀವು ಕಳಿಸಿಲ್ಲ. ಹೊರಡುವ ಎರಡು ವಾರ ಮೊದಲು ಅದನ್ನು ಅವರ ವೈದ್ಯರಿಗೆ ತೋರಿಸಿ, ಬಿಸಿಲಲ್ಲಿ ಇಷ್ಟು ದಿನ ನಡೆಯುತ್ತಾರೆ ಎಂದು ಬಾಯಿಬಿಟ್ಟು ಹೇಳಿ. ಬಿಪಿ ಮಾತ್ರೆಯಲ್ಲಿ ಹೈಡ್ರೋಕ್ಲೋರೋಥಯಾಜೈಡ್‌ನಂಥ ಮೂತ್ರ ಹೆಚ್ಚಿಸುವ ಔಷಧಿ ಸೇರಿದ್ದರೆ, ಸಕ್ಕರೆಗೆ ಡಪಾಗ್ಲಿಫ್ಲೊಜಿನ್ ತೆಗೆದುಕೊಳ್ಳುತ್ತಿದ್ದರೆ, ಬೇಸಿಗೆಯಲ್ಲಿ ನೀರು ಬತ್ತುವುದು ಬೇಗ. ಡಪಾಗ್ಲಿಫ್ಲೊಜಿನ್ ಇದ್ದವರು ಉಪವಾಸ ನಡೆದರೆ ಸಕ್ಕರೆಯ ಅಂಕಿ ಸರಿಯಾಗಿದ್ದೂ ರಕ್ತ ಆಮ್ಲವಾಗಿ ತೀರಾ ಅಸ್ವಸ್ಥರಾಗಬಹುದು. ವಾಂತಿ–ಭೇದಿಯಾದ ದಿನ ಯಾವ ಮಾತ್ರೆ ನಿಲ್ಲಿಸಬೇಕೆಂದು ಕೇಳಿ ಬರೆಸಿಕೊಳ್ಳಿ. ತಾವಾಗಿಯೇ ಬಿಟ್ಟುಬಿಡುವುದು ಬೇಡ. ಓಆರ್‌ಎಸ್‌ನಲ್ಲಿ ಗ್ಲೂಕೋಸ್ ಇದೆಯೆಂದು ಹೆದರಬೇಡಿ, ಲೀಟರಿಗೆ 13.5 ಗ್ರಾಂ, ಬೇಕಾದಾಗ ಕುಡಿಯಬಹುದು. ಇನ್ಸುಲಿನ್ ಇದ್ದರೆ ಒದ್ದೆ ಬಟ್ಟೆ ಸುತ್ತಿದ ಸಣ್ಣ ಮಣ್ಣಿನ ಗಡಿಗೆಯಲ್ಲಿ, ನೀರು ತಾಗದಂತೆ ಕವರಿನಲ್ಲಿಟ್ಟು ಒಯ್ಯಿರಿ.

ಬರಿಗಾಲಿಗೆ ನಾನು ಒಪ್ಪಲಾರೆ. ನಡುಹಗಲಿನ ಡಾಂಬರು 60 ಡಿಗ್ರಿ ದಾಟುತ್ತದೆ. ಹಳೆಯ ಸಕ್ಕರೆ ಕಾಯಿಲೆಯಲ್ಲಿ ಹಲವರಿಗೆ ಅಂಗಾಲಿನ ಸಂವೇದನೆ ಸತ್ತಿರುತ್ತದೆ, ಸುಟ್ಟದ್ದು ಸಂಜೆ ಯಾರಾದರೂ ನೋಡಿ ಹೇಳಿದಾಗಲೇ ತಿಳಿಯುವುದು. ಆ ಗಾಯ ಕೊಳೆತು ಕಾಲು ಹೋಗುವ ಸರಣಿ ವೈದ್ಯರಿಗೆ ಚಿರಪರಿಚಿತ. ಡಾಂಬರಿನ ಮೇಲೆ ಹಳಗಿದ ಪಾದರಕ್ಷೆ ಮತ್ತು ಹತ್ತಿಯ ಕಾಲುಚೀಲ ಹಾಕಿಕೊಂಡು, ಬರಿಗಾಲನ್ನು ಶ್ರೀಶೈಲದ ಕ್ಷೇತ್ರದೊಳಗಿನ ತಂಪುಹೊತ್ತಿನ ನಡಿಗೆಗೆ ಉಳಿಸಿಕೊಳ್ಳಲಿ. ಪ್ರತಿ ಸಂಜೆ ಟಾರ್ಚ್ ಹಿಡಿದು ಅವರ ಅಂಗಾಲು ನೀವೇ ನೋಡಿ. ಗುಳ್ಳೆ ಎದ್ದಿದ್ದರೆ ಒಡೆಯಬೇಡಿ.

ನಿಮ್ಮ ಗೆಳೆಯ ಬರಬಹುದು, ಕಿಡ್ನಿ ಮತ್ತು ಲಿವರ್ ಪರೀಕ್ಷೆ ಸರಿಯಿದ್ದು ವೈದ್ಯರು ಒಪ್ಪಿದರೆ. ಹೊರಡುವ ಮೊದಲು ಎರಡು ವಾರ ದಿನಾ ಒಂದು ತಾಸು ಸಂಜೆಯ ಬಿಸಿಲಲ್ಲಿ ನಡೆದು ರೂಢಿ ಮಾಡಿಕೊಳ್ಳಲಿ. ಇದು ಎಲ್ಲರಿಗೂ ಒಳ್ಳೆಯದು, ಅವನಿಗೆ ಕಡ್ಡಾಯ. ದಾರಿಯಲ್ಲಿ ಸುಸ್ತಾಗಿ ನಿಂತವರು ಒಂದೆರಡು ದಿನ ಟೆಂಪೊದಲ್ಲೇ ಇರಲಿ. ಉಷ್ಣಾಘಾತ ಆದವರಿಗೆ ಆ ವರ್ಷದ ನಡಿಗೆ ಅಲ್ಲಿಗೆ ಮುಗಿಯಿತು.

ಒಬ್ಬರು ಬಿದ್ದರೆ ಮೊದಲು ತಂಪು, ಆಮೇಲೆ ಸಾಗಣೆ. ಟೆಂಪೊದಲ್ಲಿ ಒಂದು ಗಟ್ಟಿ ತಾಡಪತ್ರಿ, ಬೇರೆಯೇ ಇಟ್ಟ 100 ಲೀಟರ್ ನೀರು, ಥರ್ಮೋಕೋಲ್ ಡಬ್ಬಿಯಲ್ಲಿ 20 ಕೆಜಿ ಮಂಜುಗಡ್ಡೆ ಸದಾ ಇರಲಿ. ಮಂಜುಗಡ್ಡೆ ದೊಡ್ಡ ಊರುಗಳಲ್ಲಿ ಸಿಗುತ್ತದೆ, ದಿನಾ ತುಂಬಿಸಿಕೊಳ್ಳಿ. ಬಿದ್ದವರನ್ನು ನೆರಳಲ್ಲಿ ತಾಡಪತ್ರಿಯ ಮೇಲೆ ಮಲಗಿಸಿ, ಬಟ್ಟೆ ಸಡಿಲಿಸಿ, ಆರು ಜನ ಅಂಚುಗಳನ್ನು ಎತ್ತಿ ಹಿಡಿದು ತೊಟ್ಟಿಯಂತೆ ಮಾಡಿ ನೀರು, ಮಂಜುಗಡ್ಡೆ ಸುರಿಯಿರಿ. ಒಬ್ಬರು ತಲೆಯನ್ನು ನೀರಿನ ಮೇಲೆ ಹಿಡಿದಿರಲಿ, ಉಳಿದವರು ನೀರನ್ನು ಕಲಕುತ್ತಿರಲಿ. ನಿಂತ ನೀರು ಮೈ ಸುತ್ತ ಬೆಚ್ಚಗಾಗಿಬಿಡುತ್ತದೆ. ಅಷ್ಟರಲ್ಲಿ ಇನ್ನೊಬ್ಬರು 108ಕ್ಕೆ ಕರೆ ಮಾಡಿರಬೇಕು. ಕರ್ನಾಟಕ, ತೆಲಂಗಾಣ, ಆಂಧ್ರ ಮೂರರಲ್ಲೂ ಅದೇ ಸಂಖ್ಯೆ. 15–20 ನಿಮಿಷ, ಅಥವಾ ಬುದ್ಧಿ ತಿಳಿಯಾಗಿ ನಡುಗಲು ಶುರುಮಾಡುವವರೆಗೆ ಬಿಡಬೇಡಿ. ಗೊಂದಲದಲ್ಲಿರುವವರ ಬಾಯಿಗೆ ನೀರು, ಮಜ್ಜಿಗೆ ಏನೂ ಹಾಕಬಾರದು, ಶ್ವಾಸಕೋಶಕ್ಕೆ ಇಳಿಯುತ್ತದೆ. ವಾಂತಿ ಬಂದರೆ ಪಕ್ಕಕ್ಕೆ ಹೊರಳಿಸಿ. ಹೋದ ಸಲ ಆಸ್ಪತ್ರೆಗೆ ಹಿಡಿದ ಒಂದೂವರೆ ತಾಸಿನಲ್ಲಿ ಕಳೆದುಹೋದದ್ದು ಈ ಮೊದಲ ಅರ್ಧ ತಾಸು.

ಈ ವ್ಯವಸ್ಥೆಯೆಲ್ಲ ಆಂಧ್ರದ ಆತ್ಮಕೂರಿನವರೆಗೆ ಮಾತ್ರ, ಅಲ್ಲಿಂದ ಮುಂದೆ ಕಾಡು. ವೆಂಕಟಾಪುರಂ ದಾಟಿ ನಾಗಲೂಟಿ, ಪೆದ್ದಚೆರುವು, ಭೀಮುನಿಕೊಲನು, ಕೈಲಾಸದ್ವಾರದ ನಲ್ಲಮಲ ಕಾಡಿನ ಹಾದಿಗೆ ನಿಮ್ಮ ಟೆಂಪೊ ಬರುವುದಿಲ್ಲ. ಜಾವಕ್ಕೇ ಹೊರಡುವ ಉಪಾಯವೂ ಅಲ್ಲಿ ನಿಮ್ಮ ಕೈಯಲ್ಲಿಲ್ಲ. ಅದು ಹುಲಿ ಸಂರಕ್ಷಿತ ಅರಣ್ಯ, ಅರಣ್ಯ ಸಿಬ್ಬಂದಿ ಬಿಟ್ಟ ಹೊತ್ತಿಗೇ ನಡೆಯಬೇಕು. ಆದ್ದರಿಂದ ಒಂದೇ ದಿನದಲ್ಲಿ ದಾಟುವ ಹಟ ಬಿಟ್ಟು ಪೆದ್ದಚೆರುವಿನಲ್ಲಿ ರಾತ್ರಿ ತಂಗಿ. ಭೀಮುನಿಕೊಲನಿನ ಕಣಿವೆಗೆ ಇಳಿದು ಮತ್ತೆ ಕೈಲಾಸದ್ವಾರಕ್ಕೆ ಹತ್ತುವಾಗ ಗಾಳಿ ಆಡುವುದಿಲ್ಲ, ಏರು ಹತ್ತುವ ದೇಹ ಸಮತಟ್ಟಿನ ನಡಿಗೆಗಿಂತ ಎರಡು ಪಟ್ಟು ಕಾವು ಹುಟ್ಟಿಸುತ್ತದೆ. ಆ ಏರನ್ನು ಮರುದಿನ ಬೆಳಿಗ್ಗೆ ಒಂಬತ್ತರೊಳಗೆ ಮುಗಿಸಬೇಕು. ತಲೆಗೆ 3 ಲೀಟರ್ ನೀರು, ಎರಡು ಓಆರ್‌ಎಸ್, ಒಂದು ಟಾವೆಲ್, ತಾಡಪತ್ರಿಯನ್ನು ಸರದಿಯಂತೆ ಹೊರುವುದು. ಮೊಬೈಲ್ ಸಿಗ್ನಲ್ ನಂಬಬೇಡಿ.

ಹಾಗಾಗಿ ಕೊನೆಯ ತೀರ್ಮಾನ ಆಗಬೇಕಾದ್ದು ಆತ್ಮಕೂರಿನಲ್ಲಿ. ಹಿಂದಿನ ಎರಡು ದಿನಗಳಲ್ಲಿ ತಲೆಸುತ್ತು, ವಾಂತಿ, ಭೇದಿ ಆದವರು, ಕಾಲಲ್ಲಿ ಗಾಯ ಇರುವವರು, ತೂಕ ಇಳಿದದ್ದು ಮತ್ತೆ ಏರದವರು ಅಲ್ಲಿಂದ ಟೆಂಪೊದಲ್ಲಿ ದೋರ್ನಾಲದ ಘಾಟಿ ರಸ್ತೆ ಹಿಡಿದು ಶ್ರೀಶೈಲಕ್ಕೆ ಹೋಗಲಿ. ಆ ರಸ್ತೆಯಲ್ಲೂ ರಾತ್ರಿ ಸಂಚಾರಕ್ಕೆ ನಿರ್ಬಂಧ ಇರುವುದರಿಂದ ಮಧ್ಯಾಹ್ನವೇ ಕಳಿಸಿ. ಅಪ್ಪನವರ ಹೆಸರನ್ನು ಆ ಪಟ್ಟಿಯಲ್ಲಿ ಈಗಲೇ ಪೆನ್ಸಿಲ್‌ನಲ್ಲಿ ಬರೆದಿಡಿ. ಆತ್ಮಕೂರಿನ ಬೆಳಿಗ್ಗೆ ಅವರ ಅಂಗಾಲು, ತೂಕ, ಸಕ್ಕರೆ ಮೂರೂ ಸರಿಯಿದ್ದರೆ ಅಳಿಸಿದರಾಯಿತು.